ಮೆಕ್ಕೆಜೋಳದ ಬೇಸಾಯದಲ್ಲಿ ಸಂರಕ್ಷಣಾ ಉಳುಮೆ

ಮೆಕ್ಕೆಜೋಳವು ಉತ್ತರ ಕರ್ನಾಟಕದ ಕಡೆ ಗೋವಿನಜೋಳ, ಮೈಸೂರು ಸೀಮೆಯ ಮಾತಿನಲ್ಲಿ ಮುಸುಕಿನಜೋಳ. ಹೆಸರು ಯಾವುದಾದರೂ ಈ ಬೆಳೆಯ ಸ್ವಭಾವ ಒಂದೇ: ಸಾಲಿನಿಂದ ಸಾಲಿಗೆ ಎರಡು ಅಡಿಯ ಅಂತರ ಬೇಡುತ್ತದೆ ಮತ್ತು ಬಿತ್ತಿದ ಮೊದಲ ಒಂದು ತಿಂಗಳು ನೆಲವನ್ನು ಮುಚ್ಚುವಷ್ಟು ಎಲೆ ಬಿಡುವುದಿಲ್ಲ. ಮುಂಗಾರಿನ ಬಿರುಮಳೆ ಬೀಳುವುದೂ ಅದೇ ತಿಂಗಳಿನಲ್ಲಿ. ಉತ್ತು, ಹರಗಿ, ಹುಡಿಮಾಡಿದ ಬತ್ತಲೆ ಮಣ್ಣಿನ ಮೇಲೆ ಆ ಮಳೆ ಬಿದ್ದಾಗ ಹೊಲದ ಮೇಲ್ಪದರವೇ ಹಳ್ಳ ಸೇರುತ್ತದೆ. ಮಣ್ಣಿನ ಸಾರ ಬಹುಮಟ್ಟಿಗೆ ಇರುವುದು ಈ ಕೆಲವು ಅಂಗುಲಗಳಲ್ಲಿಯೇ. ಹೀಗೆ ಹೋದ ಮಣ್ಣು ಯಾವ ಗೊಬ್ಬರದಿಂದಲೂ ಮರಳಿ ಬಾರದು. ಈ ನಷ್ಟವನ್ನು ತಡೆಯಲೆಂದು ರೂಪುಗೊಂಡ ಕ್ರಮಗಳಿಗೆ ಒಟ್ಟಾಗಿ ಸಂರಕ್ಷಣಾ ಉಳುಮೆ ಎಂದು ಹೆಸರು.

ಈ ಲೇಖನವು ಆ ಕ್ರಮಗಳ ತತ್ತ್ವ, ವಿಧಗಳು, ಗಡಿನಾಡಿನ ಮಣ್ಣುಗಳಿಗೆ ಅವುಗಳ ಹೊಂದಾಣಿಕೆ, ಆಚರಣೆಯ ಹಂತಗಳು ಹಾಗೂ ಮಿತಿಗಳನ್ನು ಕ್ರಮವಾಗಿ ವಿವರಿಸುತ್ತದೆ. ಒಂದು ಮಾತನ್ನು ಮೊದಲೇ ಹೇಳಬೇಕು. ಸಂರಕ್ಷಣಾ ಉಳುಮೆಯೆಂದರೆ ನೇಗಿಲನ್ನು ಬಿಡುವುದಷ್ಟೇ ಎಂಬ ತಿಳಿವಳಿಕೆ ಅರ್ಧ ಸತ್ಯ. ನೆಲದ ಮೇಲೆ ಹೊದಿಕೆ ಉಳಿದರೆ ಮಾತ್ರ ಈ ಪದ್ಧತಿ ಫಲ ಕೊಡುತ್ತದೆ. ದಂಟನ್ನೆಲ್ಲ ಹೊತ್ತೊಯ್ದು, ಉಳುಮೆಯನ್ನೂ ನಿಲ್ಲಿಸಿದರೆ, ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಲಾಭಕ್ಕಿಂತ ಹಾನಿಯೇ ಹೆಚ್ಚು.

ವ್ಯಾಖ್ಯೆ

ಬಿತ್ತನೆಯ ಬಳಿಕ ನೆಲದ ಮೇಲ್ಮೈಯ ಕನಿಷ್ಠ ಶೇ. 30 ಭಾಗವು ಹಿಂದಿನ ಬೆಳೆಯ ಉಳಿಕೆಯಿಂದ ಮುಚ್ಚಿರುವಂತೆ ನಡೆಸುವ ಉಳುಮೆಗೆ ಸಂರಕ್ಷಣಾ ಉಳುಮೆ ಎನ್ನುವರು. ಅಮೆರಿಕದಲ್ಲಿ ನೆಲೆಗೊಂಡ ಈ ಅಳತೆ ಈಗ ಎಲ್ಲೆಡೆ ಬಳಕೆಯಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಇದನ್ನು ವಿಸ್ತರಿಸಿ ‘ಸಂರಕ್ಷಣಾ ಕೃಷಿ’ಗೆ ಮೂರು ತತ್ತ್ವಗಳನ್ನು ಹೇಳುತ್ತದೆ: ಮಣ್ಣನ್ನು ಆದಷ್ಟು ಕಡಿಮೆ ಕದಡುವುದು, ನೆಲವನ್ನು ಸದಾ ಮುಚ್ಚಿಡುವುದು, ಬೆಳೆಗಳನ್ನು ಬದಲಿಸುತ್ತ ಹೋಗುವುದು. ಮೂರೂ ಒಂದಕ್ಕೊಂದು ಆಸರೆ.

ಶೇ. 30ರ ಹೊದಿಕೆ ಇದೆಯೇ ಎಂಬುದನ್ನು ಅಳೆಯಲು ಯಂತ್ರ ಬೇಕಿಲ್ಲ. ಒಂದು ಉದ್ದನೆಯ ಹಗ್ಗಕ್ಕೆ ಸಮ ಅಂತರದಲ್ಲಿ 100 ಗಂಟು ಹಾಕಿ, ಸಾಲುಗಳಿಗೆ ಓರೆಯಾಗಿ ಹೊಲದಲ್ಲಿ ಎಳೆದು ಹಿಡಿಯಬೇಕು. ಎಷ್ಟು ಗಂಟುಗಳ ಕೆಳಗೆ ದಂಟು ಅಥವಾ ಗರಿಯ ಚೂರು ಇದೆಯೋ ಅದೇ ಹೊದಿಕೆಯ ಶೇಕಡಾ ಪ್ರಮಾಣ. ಮೂರು ನಾಲ್ಕು ಕಡೆ ಎಣಿಸಿ ಸರಾಸರಿ ತೆಗೆದರೆ ಸಾಕು.

ಹಿನ್ನೆಲೆ

1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಬರಗಾಲದೊಂದಿಗೆ ಎದ್ದ ಧೂಳಿನ ಬಿರುಗಾಳಿಗಳು ಉತ್ತ ಹೊಲಗಳ ಮಣ್ಣನ್ನು ಹಾರಿಸಿಕೊಂಡು ಹೋದವು. 1935ರಲ್ಲಿ ಅಲ್ಲಿ ಮಣ್ಣಿನ ಸಂರಕ್ಷಣೆಗೆಂದೇ ಸರ್ಕಾರಿ ಇಲಾಖೆಯೊಂದು ಹುಟ್ಟಿತು. 1943ರಲ್ಲಿ ಎಡ್ವರ್ಡ್ ಫಾಕ್ನರ್ ಎಂಬವರು, ಮಣ್ಣನ್ನು ಮಗುಚುವ ನೇಗಿಲಿನ ಅಗತ್ಯವನ್ನೇ ಪ್ರಶ್ನಿಸಿ ಪುಸ್ತಕ ಬರೆದರು. 1962ರಲ್ಲಿ ಕೆಂಟಕಿ ರಾಜ್ಯದ ಹ್ಯಾರಿ ಯಂಗ್ ಎಂಬ ರೈತರು ಒಂದು ಎಕರೆಗೂ ಕಡಿಮೆ ಜಾಗದಲ್ಲಿ ಉಳದೆ ಮೆಕ್ಕೆಜೋಳ ಬಿತ್ತಿದರು. ರೈತರ ಹೊಲದ ಶೂನ್ಯ ಉಳುಮೆಗೆ ಅಲ್ಲಿಂದ ಮೊದಲನ್ನು ಎಣಿಸುವುದು ರೂಢಿ. 1972ರಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಜ್ ಇದನ್ನು ಆರಂಭಿಸಿದರು.

ನಮ್ಮ ಸೀಮೆಗೂ ತನ್ನದೇ ಪರಂಪರೆಯಿದೆ. ಸೊಲ್ಲಾಪುರ, ವಿಜಯಪುರ, ಅದವಾನಿಗಳ ಎರೆಹೊಲದಲ್ಲಿ ನೇಗಿಲು ಹೂಡುವುದು ಹಲವು ವರ್ಷಗಳಿಗೊಮ್ಮೆ. ಉಳಿದ ವರ್ಷಗಳಲ್ಲಿ ಕುಂಟೆ ಹೊಡೆದೇ ಬಿತ್ತನೆ. ಕುಂಟೆಯ ಅಲಗು ಮಣ್ಣನ್ನು ಮಗುಚದೆ ಕಳೆಯ ಬೇರನ್ನು ಮಾತ್ರ ಕತ್ತರಿಸುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿಗಳಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಸ್ಥಾಪನೆಯಾದವು. ಸೊಲ್ಲಾಪುರದಲ್ಲಿ ಎನ್.ವಿ. ಕಾನಿಟ್ಕರ್ ಅವರು ನಡೆಸಿದ ಕೆಲಸದಿಂದ ರೂಪುಗೊಂಡ ‘ಮುಂಬಯಿ ಒಣಬೇಸಾಯ ಪದ್ಧತಿ’ಯು ಬದುಗಳು, ಅಗಲ ಸಾಲು, ಕಡಿಮೆ ಬೀಜ, ಮೇಲಿಂದ ಮೇಲೆ ಎಡೆ ಹೊಡೆಯುವುದು ಇವುಗಳಿಗೆ ಒತ್ತು ಕೊಟ್ಟಿತು. ಟ್ರ್ಯಾಕ್ಟರ್ ಮತ್ತು ರೋಟವೇಟರ್ ಬಂದ ಬಳಿಕ ಪ್ರತಿವರ್ಷ ಮಣ್ಣನ್ನು ಹಿಟ್ಟಿನಂತೆ ಪುಡಿ ಮಾಡುವುದು ವಾಡಿಕೆಯಾಯಿತು. ಹದಕ್ಕೆ ಹೆಸರಾಗಿದ್ದ ಕುಂಟೆಯ ಬೇಸಾಯ ಹಿಂದೆ ಸರಿಯಿತು.

ವಿಧಗಳು

ಶೂನ್ಯ ಉಳುಮೆ: ಹಿಂದಿನ ಬೆಳೆಯ ಕೂಳೆಯ ನಡುವೆಯೇ ಬೀಜ ಬೀಳುವಷ್ಟು ಸೀಳು ಅಥವಾ ಕುಳಿ ಮಾಡಿ ಬಿತ್ತುವುದು. ಬೇರಾವ ಉಳುಮೆಯೂ ಇಲ್ಲ.

ಪಟ್ಟಿ ಉಳುಮೆ: ಬೀಜ ಬೀಳುವ ಸಾಲಿನಲ್ಲಿ ಮಾತ್ರ ಗೇಣಗಲದ ಪಟ್ಟಿಯನ್ನು ಸೀಳಿ ಸಡಿಲಿಸುವುದು. ಸಾಲುಗಳ ನಡುವಣ ನೆಲ ಹೊದಿಕೆಯೊಂದಿಗೆ ಹಾಗೆಯೇ ಇರುತ್ತದೆ. ಗಟ್ಟಿಯಾಗುವ ಕೆಮ್ಮಣ್ಣಿಗೆ ಇದು ಸೂಕ್ತ.

ಬೋದು ಉಳುಮೆ ಮತ್ತು ಶಾಶ್ವತ ಮಡಿ: ಒಮ್ಮೆ ಕಟ್ಟಿದ ಬೋದು ಅಥವಾ ಅಗಲ ಮಡಿಗಳನ್ನು ಮುರಿಯದೆ, ವರ್ಷವರ್ಷವೂ ಅವುಗಳ ನೆತ್ತಿಯ ಮೇಲೆಯೇ ಬಿತ್ತುವುದು. ಕಾಲುವೆಗಳನ್ನು ಮಾತ್ರ ಆಗಾಗ ತಿದ್ದಲಾಗುತ್ತದೆ. ನೀರು ನಿಲ್ಲುವ ಎರೆಮಣ್ಣಿಗೆ ಇದು ತಕ್ಕುದು.

ಹೊದಿಕೆ ಉಳುಮೆ: ಕುಂಟೆಯಂಥ ಸಾಧನದಿಂದ ಮೇಲ್ಪದರವನ್ನು ಮಾತ್ರ ಕದಡಿ, ಉಳಿಕೆಯ ಹೆಚ್ಚಿನ ಭಾಗವನ್ನು ಮೇಲೆಯೇ ಉಳಿಸುವುದು.

ಮಣ್ಣಿನಲ್ಲಿ ನಡೆಯುವುದೇನು

ಮಳೆಹನಿ ಬತ್ತಲೆ ಮಣ್ಣಿಗೆ ಬಡಿದಾಗ ಮಣ್ಣಿನ ಹರಳುಗಳು ಒಡೆದು, ಸಣ್ಣ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ಬಿಸಿಲು ಬಂದೊಡನೆ ಅದು ಹೆಪ್ಪುಗಟ್ಟಿದ ತೊಗಟೆಯಾಗುತ್ತದೆ. ಮೊಳಕೆ ಮೇಲೇಳಲಾರದು, ಮುಂದಿನ ಮಳೆಯ ನೀರು ಒಳಗಿಳಿಯಲಾರದು. ದಂಟಿನ ಹೊದಿಕೆಯಿದ್ದರೆ ಹನಿಯ ಹೊಡೆತ ದಂಟಿನ ಮೇಲೆ ಬೀಳುತ್ತದೆ. ಹರಿಯುವ ನೀರು ತಡೆತಡೆದು ಸಾಗಿ ಇಂಗುತ್ತದೆ. ನೆಲದ ಬಿಸಿ ತಗ್ಗಿ ತೇವ ಆರುವುದು ನಿಧಾನವಾಗುತ್ತದೆ. ಕದಡದ ನೆಲದಲ್ಲಿ ಹಳೆಯ ಬೇರುಗಳ ಜಾಡು, ಎರೆಹುಳುಗಳ ಬಿಲ ಹಾಗೆಯೇ ಉಳಿದು ನೀರು ಆಳಕ್ಕಿಳಿಯುವ ದಾರಿಯಾಗುತ್ತವೆ.

ಮೆಕ್ಕೆಜೋಳಕ್ಕೆ ಈ ತೇವದ ಬೆಲೆ ದೊಡ್ಡದು. ಸೂಲಂಗಿ ಹೊರಟು ತೆನೆಯಲ್ಲಿ ರೇಷ್ಮೆ ಮೂಡುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಕಾಳು ಕಟ್ಟುವುದೇ ನಿಂತುಹೋಗುತ್ತದೆ. ಆ ಎರಡು ವಾರಗಳನ್ನು ದಾಟಿಸುವಷ್ಟು ನೀರು ನೆಲದೊಳಗೆ ಉಳಿದಿದ್ದರೆ ಬೆಳೆ ಕೈಗೆ ಸಿಗುತ್ತದೆ.

ಕೆಮ್ಮಣ್ಣು, ಎರೆಮಣ್ಣು

ತಾಳವಾಡಿ, ಹೊಸೂರು, ಮಡಕಶಿರಗಳ ಕಡೆ ಹೆಚ್ಚಾಗಿರುವುದು ಕೆಮ್ಮಣ್ಣು. ಇದರಲ್ಲಿ ಸಾವಯವ ಅಂಶ ಕಡಿಮೆ. ಮಳೆಯ ಬಳಿಕ ಒಣಗಿದರೆ ಕಲ್ಲಿನಂತಾಗುತ್ತದೆ. ಹೊದಿಕೆಯಿಲ್ಲದೆ ಇಲ್ಲಿ ಉಳುಮೆ ಬಿಟ್ಟರೆ ನೀರು ಇಂಗದೆ ಹರಿದುಹೋಗುವುದೇ ಹೆಚ್ಚು. ಹೊದಿಕೆ ಹಾಕಿದರೂ ಗೆದ್ದಲು ಮತ್ತು ಬಿಸಿಲು ಅದನ್ನು ಬೇಗ ಕರಗಿಸುತ್ತವೆ. ಆದುದರಿಂದ ಇಲ್ಲಿ ಪಟ್ಟಿ ಉಳುಮೆಯಿಂದ ಆರಂಭಿಸುವುದು ಲೇಸು. ನೆಲದಡಿ ಗಟ್ಟಿ ಪದರವಿದ್ದರೆ ಪದ್ಧತಿಯನ್ನು ತೊಡಗುವ ಮುನ್ನ ಒಮ್ಮೆ ಉಳಿ ನೇಗಿಲಿನಿಂದ ಸೀಳಬೇಕು. ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಬೆರೆಸುವುದಿದ್ದರೂ ಆಗಲೇ ಬೆರೆಸಬೇಕು.

ಅಕ್ಕಲಕೋಟೆ, ಜತ್ತ, ಅದವಾನಿ ಹಾಗೂ ಪಶ್ಚಿಮ ತೆಲಂಗಾಣದ ಆಳವಾದ ಎರೆಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು, ಮಳೆಗಾಲದಲ್ಲಿ ಉಬ್ಬಿ ಕೂಡಿಕೊಳ್ಳುತ್ತದೆ. ಒಂದು ಬಗೆಯಲ್ಲಿ ಅದು ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು. ಇಲ್ಲಿಯ ತೊಡಕು ನೀರು ನಿಲ್ಲುವುದು. ಎಳೆಯ ಮೆಕ್ಕೆಜೋಳ ಎರಡು ಮೂರು ದಿನ ನೀರಿನಲ್ಲಿ ನಿಂತರೆ ಹಳದಿಗಟ್ಟಿ ಕೃಶವಾಗುತ್ತದೆ. ಇದಕ್ಕೆ ಪಶ್ಚಿಮ ತೆಲಂಗಾಣದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಉತ್ತರ ಹುಡುಕಿತು. 1976ರಿಂದ ಅಲ್ಲಿಯ ಎರೆಮಣ್ಣಿನ ಜಲಾನಯನದಲ್ಲಿ ಅಗಲ ಮಡಿ ಮತ್ತು ಕಾಲುವೆಯ ಪದ್ಧತಿಯನ್ನು ಪರೀಕ್ಷಿಸುತ್ತ ಬರಲಾಗಿದೆ. ಸುಮಾರು ಒಂದು ಮೀಟರ್ ಅಗಲದ ಮಡಿ, ಅದರ ಬದಿಗೆ ಅರ್ಧ ಮೀಟರಿನ ಕಾಲುವೆ, ಮಡಿಯ ಮೇಲೆ ಮೆಕ್ಕೆಜೋಳ ಅಥವಾ ಜೋಳದ ಜೊತೆ ತೊಗರಿ, ಅದಕ್ಕೆ ತಕ್ಕ ಗೊಬ್ಬರ: ಇವೆಲ್ಲ ಕೂಡಿದಾಗ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 5 ಟನ್‌ನಷ್ಟು ಧಾನ್ಯ ದೊರೆಯಿತು, ಹಳೆಯ ಕ್ರಮದಲ್ಲಿ ಅದು 1 ಟನ್ ಆಸುಪಾಸಿನಲ್ಲಿತ್ತು. ಮಣ್ಣಿನ ನಷ್ಟ ಹೆಕ್ಟೇರಿಗೆ 6 ಟನ್‌ಗೂ ಮೇಲಿದ್ದುದು ಸುಮಾರು ಒಂದೂವರೆ ಟನ್‌ಗೆ ಇಳಿಯಿತು. ಈ ಲಾಭ ಉಳುಮೆ ಕಡಿಮೆ ಮಾಡಿದ್ದರಿಂದಲೇ ಬಂದುದಲ್ಲ, ಹಲವು ಕ್ರಮಗಳ ಕೂಡುಫಲ ಎಂಬುದನ್ನು ನೆನಪಿಡಬೇಕು.

ನೆರೆಯ ಇನ್ನೊಂದು ಉದಾಹರಣೆ ಆಂಧ್ರದ ಕೃಷ್ಣಾ ಮುಖಜ ಭೂಮಿಯದು. ಭತ್ತದ ಕೊಯ್ಲಿನ ಬಳಿಕ ಅಲ್ಲಿ ಉದ್ದು ಬೆಳೆಯುತ್ತಿದ್ದರು. ಹಳದಿ ನಂಜುರೋಗ ಮತ್ತು ಬಂಗಾರದ ಬಳ್ಳಿಯೆಂಬ ಪರಾವಲಂಬಿ ಕಳೆಯ ಕಾಟ ಹೆಚ್ಚಿದಾಗ, ಗುಂಟೂರು ಜಿಲ್ಲೆಯ ರೈತರು ಗದ್ದೆಯನ್ನು ಉಳದೆ, ಭತ್ತದ ಕೂಳೆಯ ನಡುವೆ ಕೋಲಿನಿಂದ ಕುಳಿ ಮಾಡಿ ಮೆಕ್ಕೆಜೋಳ ಊರತೊಡಗಿದರು. ಉಳುಮೆಗೆ ಬೇಕಾಗುತ್ತಿದ್ದ ದಿನಗಳು ಉಳಿದವು, ಗದ್ದೆಯ ತೇವ ಬೀಜಕ್ಕೆ ಒದಗಿತು. ಆದರೆ ಇದು ನೀರಾವರಿ ಮತ್ತು ಹೇರಳ ಗೊಬ್ಬರದ ಬೆಳೆ. ಅದವಾನಿಯ ಕಡೆ ಕಾಲುವೆಯ ಕೆಳಗೆ ಭತ್ತ ಬೆಳೆದು, ಮುಂದೆಯೂ ನೀರು ಸಿಗುವವರು ಇದನ್ನು ಗಮನಿಸಬಹುದು; ಮಳೆಯನ್ನೇ ನೆಚ್ಚಿದ ಹೊಲಕ್ಕೆ ಇದು ಮಾದರಿಯಲ್ಲ.

ಇಳುವರಿಯ ಲೆಕ್ಕ

ಉಳುಮೆ ಬಿಟ್ಟರೆ ಇಳುವರಿ ಹೆಚ್ಚುತ್ತದೆ ಎಂಬ ಸಾರಾಸಗಟು ಭರವಸೆಗೆ ಆಧಾರವಿಲ್ಲ. ಜಗತ್ತಿನ 63 ದೇಶಗಳ 610 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಶೂನ್ಯ ಉಳುಮೆಯಿಂದ ಎಲ್ಲ ಬೆಳೆಗಳ ಇಳುವರಿ ಸರಾಸರಿ ಶೇ. 5.7ರಷ್ಟು ತಗ್ಗಿತೆಂದು ತೋರಿಸಿತು. ಅದೇ ತಂಡದ ಇನ್ನೊಂದು ವಿಶ್ಲೇಷಣೆಯಲ್ಲಿ ಮೆಕ್ಕೆಜೋಳದ ಇಳಿಕೆ ಶೇ. 7.6. ಆದರೆ ಒಣ ಹವೆಯ ಮಳೆಯಾಶ್ರಿತ ಹೊಲಗಳಲ್ಲಿ, ಉಳಿಕೆಯ ಹೊದಿಕೆ ಹಾಗೂ ಬೆಳೆ ಬದಲಾವಣೆ ಎರಡನ್ನೂ ಜೊತೆಗೂಡಿಸಿದಾಗ ಇಳುವರಿ ಶೇ. 7.3ರಷ್ಟು ಏರಿತು. ಗಡಿನಾಡಿನ ಬಹುಪಾಲು ಮೆಕ್ಕೆಜೋಳದ ಹೊಲಗಳು ಈ ಕೊನೆಯ ವರ್ಗಕ್ಕೆ ಹತ್ತಿರವಾದುವು. ಮೂರು ತತ್ತ್ವಗಳಲ್ಲಿ ಒಂದನ್ನೇ ಆರಿಸಿಕೊಂಡರೆ ನಷ್ಟ, ಮೂರನ್ನೂ ಪಾಲಿಸಿದರೆ ಲಾಭ ಎಂಬುದು ಈ ಅಂಕಿಗಳ ತಾತ್ಪರ್ಯ. ಮೊದಲ ಒಂದೆರಡು ವರ್ಷ ಇಳುವರಿ ತಗ್ಗುವ ಸಂಭವವೂ ಇದೆ. ಆ ವರ್ಷಗಳಲ್ಲಿ ಕೈಹಿಡಿಯುವುದು ಉಳುಮೆ, ಹರಗುವಿಕೆ, ರೋಟವೇಟರ್ ಬಾಡಿಗೆಗಳಲ್ಲಿ ಉಳಿಯುವ ಖರ್ಚು.

ದಂಟು ಹೊಲಕ್ಕೋ, ಕೊಟ್ಟಿಗೆಗೋ?

ಈ ಪದ್ಧತಿಯ ನಿಜವಾದ ಇಕ್ಕಟ್ಟು ಇಲ್ಲಿದೆ. ಅಮೆರಿಕದ ರೈತನಿಗೆ ದಂಟು ಹೊಲದಲ್ಲಿ ಬಿಡುವ ವಸ್ತು. ಜತ್ತದ ರೈತನಿಗೆ ಅದು ಬೇಸಿಗೆಯ ಮೇವು. ಬರದ ವರ್ಷದಲ್ಲಿ ದನದ ಮುಂದಿನ ಮೇವನ್ನು ತೆಗೆದು ಮಣ್ಣಿಗೆ ಹಾಕೆಂದು ಹೇಳುವುದು ಸಲಹೆಯೇ ಅಲ್ಲ. ಆಫ್ರಿಕದ ಸಣ್ಣ ಹಿಡುವಳಿಗಳಲ್ಲಿ ಸಂರಕ್ಷಣಾ ಕೃಷಿ ನಿರೀಕ್ಷಿಸಿದಷ್ಟು ಹರಡದಿರಲು ಇದೂ ಒಂದು ಮುಖ್ಯ ಕಾರಣ.

ಮಧ್ಯಮ ಮಾರ್ಗ ಸಾಧ್ಯ. ಮೆಕ್ಕೆಜೋಳದ ದಂಟಿನ ತೂಕ ಸುಮಾರಾಗಿ ಕಾಳಿನಷ್ಟೇ, ಇಲ್ಲವೇ ತುಸು ಹೆಚ್ಚು. ಎಕರೆಗೆ 20 ಕ್ವಿಂಟಲ್ ಕಾಳು ಬಂದರೆ ದಂಟೂ ಅಷ್ಟಿರುತ್ತದೆ. ದನಗಳು ಮೆಚ್ಚುವುದು ಗರಿ ಮತ್ತು ಮೇಲಿನ ಎಳೆಯ ಭಾಗವನ್ನು. ಬುಡದ ಗಟ್ಟಿ ದಂಟನ್ನು ಗೋದಲಿಯಲ್ಲೇ ಬಿಡುತ್ತವೆ. ಆದುದರಿಂದ ಕೊಯ್ಯುವಾಗ ಬುಡಕ್ಕೆ ಕುಡುಗೋಲು ಹಾಕದೆ ಮೊಣಕಾಲೆತ್ತರದಲ್ಲಿ ಕತ್ತರಿಸಿ, ಮೇಲ್ಭಾಗವನ್ನು ಬಣವೆಗೆ ಒಯ್ದು, ಕೆಳಭಾಗವನ್ನು ಹೊಲದಲ್ಲೇ ಬಿಡಬೇಕು. ಬಿತ್ತನೆಗೆ ಮುನ್ನ ಅದನ್ನು ಸಾಲಿನ ನಡುವೆ ಮಲಗಿಸಬೇಕು. ಗೋದಲಿಯಲ್ಲಿ ಉಳಿದ ಕಸರನ್ನೂ ಹೊಲಕ್ಕೆ ಮರಳಿಸಬಹುದು. ಕೊರತೆ ಬಿದ್ದ ಹೊದಿಕೆಯನ್ನು ಬೆಳೆಯಿಂದಲೇ ತುಂಬಿಕೊಳ್ಳುವ ದಾರಿಯೂ ಇದೆ: ಮೆಕ್ಕೆಜೋಳದ ಗರಿ ಒಣಗುವ ಹೊತ್ತಿಗೆ ತೇವವಿದ್ದರೆ ಸಾಲುಗಳ ನಡುವೆ ಹುರುಳಿ ಚೆಲ್ಲುವುದು, ಇಲ್ಲವೇ ಆರಂಭದಲ್ಲೇ ತೊಗರಿ, ಅಲಸಂದೆಗಳನ್ನು ಅಕ್ಕಡಿಯಾಗಿ ಹಾಕುವುದು. ತೊಗರಿ ಉದುರಿಸುವ ಎಲೆಯೇ ಒಂದು ಹೊದಿಕೆ.

ಉಳಿಸಿದ ದಂಟಿಗೆ ಊರಿನ ದನಗಳಿಂದ ರಕ್ಷಣೆಯೂ ಬೇಕು. ಕೊಯ್ಲಾದ ಹೊಲದಲ್ಲಿ ಯಾರ ದನವಾದರೂ ಮೇಯಬಹುದೆಂಬ ರೂಢಿಯಿರುವಲ್ಲಿ ಒಬ್ಬನೇ ಹೊದಿಕೆ ಕಾಯಲಾರ. ನೆರೆಹೊರೆಯವರ ಒಪ್ಪಿಗೆ ಇದಕ್ಕೆ ಅಗತ್ಯ.

ಬಿತ್ತನೆ ಮತ್ತು ಗೊಬ್ಬರ

ಹದವಾದ ಮಳೆ ಬಿದ್ದು ತೇವ ಗೇಣುದ್ದ ಇಳಿದ ಬಳಿಕ ಬಿತ್ತಬೇಕು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರವಿದ್ದರೆ ಎಕರೆಗೆ ಸುಮಾರು 33,000 ಗಿಡಗಳು ನಿಲ್ಲುತ್ತವೆ. ಇದಕ್ಕೆ 8 ಕಿಲೊ ಬೀಜ ಸಾಕು. ಬೀಜ 4ರಿಂದ 5 ಸೆಂಟಿಮೀಟರ್ ಆಳಕ್ಕೆ ಬಿದ್ದು, ಅದರ ಮೇಲೆ ಮಣ್ಣು ಕೂಡಿಕೊಳ್ಳಬೇಕು. ಸೀಳು ತೆರೆದೇ ಉಳಿದರೆ ಬೀಜ ಒಣಗುತ್ತದೆ, ಇಲ್ಲವೇ ಹಕ್ಕಿ, ಇರುವೆಗಳ ಪಾಲಾಗುತ್ತದೆ.

ಸಾಮಾನ್ಯ ಕೂರಿಗೆಯ ತಾಳುಗಳಿಗೆ ದಂಟು ಸಿಕ್ಕಿ ರಾಶಿಯಾಗುವುದು ಸಾಮಾನ್ಯ ತೊಂದರೆ. ಸಣ್ಣ ಹಿಡುವಳಿಯಲ್ಲಿ ಎತ್ತಿನ ಒಂಟಿ ನೇಗಿಲಿನಿಂದ ಸಾಲು ಸೀಳಿ ಕೈಯಿಂದ ಬೀಜ ಬಿಡುವುದು, ಅಥವಾ ನೆಲಕ್ಕೆ ಚುಚ್ಚಿ ಬೀಜ ಬಿಡುವ ಕೈಸಾಧನ ಬಳಸುವುದು ಸುಲಭ. ದೊಡ್ಡ ಹೊಲಕ್ಕೆ ಟ್ರ್ಯಾಕ್ಟರಿನ ಶೂನ್ಯ ಉಳುಮೆ ಬಿತ್ತನೆ ಯಂತ್ರಗಳಿವೆ.

ಮೆಕ್ಕೆಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲವಿರುತ್ತದೆ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಹೀಗಾಗಿ ಮೊದಲ ವರ್ಷಗಳಲ್ಲಿ ಪೈರು ಎಳೆಯದರಲ್ಲೇ ಹಳದಿಗಟ್ಟಬಹುದು. ಬಿತ್ತನೆಯ ವೇಳೆ ಕೊಡುವ ಸಾರಜನಕವನ್ನು ಕಡೆಗಣಿಸದೆ, ಉಳಿದುದನ್ನು ಪೈರು ಮೊಣಕಾಲೆತ್ತರ ಬಂದಾಗ ಮತ್ತು ಸೂಲಂಗಿಯ ಮುನ್ನ ಹಂಚಿ ಕೊಡಬೇಕು. ಯೂರಿಯಾವನ್ನು ದಂಟಿನ ಮೇಲೆ ಎರಚಿದರೆ ಅದರ ಒಂದು ಪಾಲು ಗಾಳಿಗೆ ಹೋಗುತ್ತದೆ. ಬುಡದ ಬದಿಯಲ್ಲಿ ಕುಳಿ ಮಾಡಿ ಹಾಕಿ ಮುಚ್ಚುವುದು ಸರಿಯಾದ ಕ್ರಮ.

ಕಳೆ ಮತ್ತು ಕಾನೂನು

ಉಳುಮೆಯ ಮುಖ್ಯ ಉದ್ದೇಶಗಳಲ್ಲಿ ಕಳೆನಾಶವೂ ಒಂದು. ಅದನ್ನು ಬಿಟ್ಟರೆ ಕರಿಕೆ, ಜೇಕುಗಳಂಥ ಬಹುವಾರ್ಷಿಕ ಕಳೆ ಮೇಲುಗೈ ಪಡೆಯುತ್ತದೆ. ಇವು ದಟ್ಟವಾಗಿರುವ ಹೊಲದಲ್ಲಿ ಮೊದಲು ಅವನ್ನು ತೆಗೆದೇ ಪದ್ಧತಿಗೆ ಇಳಿಯಬೇಕು. ಬಿತ್ತಿದ ಮೊದಲ ನಾಲ್ಕರಿಂದ ಆರು ವಾರ ಮೆಕ್ಕೆಜೋಳವು ಕಳೆಯನ್ನು ಸಹಿಸದು. ದಪ್ಪ ಹೊದಿಕೆ, ಅಕ್ಕಡಿ ಬೆಳೆ, ಕೈಗಳೆ ಮತ್ತು ಮೇಲ್ಮೈಯನ್ನಷ್ಟೇ ಕೆರೆಯುವ ಎಡೆಕುಂಟೆಗಳನ್ನು ಕೂಡಿಸಿ ಬಳಸಬೇಕು.

ಕಳೆನಾಶಕಗಳಲ್ಲಿ ಅಟ್ರಾಜಿನ್ ಅನ್ನು ಬಿತ್ತಿದ ಮೂರು ದಿನದೊಳಗೆ ತೇವವಿರುವ ನೆಲಕ್ಕೆ ಸಿಂಪಡಿಸುವ ವಾಡಿಕೆಯಿದೆ. ತೊಗರಿ, ಅಲಸಂದೆ ಮೊದಲಾದ ದ್ವಿದಳ ಬೆಳೆ ಜೊತೆಗಿದ್ದರೆ ಅದನ್ನು ಬಳಸಲೇಬಾರದು. ಪ್ಯಾರಾಕ್ವಾಟ್ ದೇಹಕ್ಕೆ ಸೇರಿದರೆ ಅದಕ್ಕೆ ಪ್ರತಿವಿಷವಿಲ್ಲ. ಗ್ಲೈಫೋಸೇಟ್ ಬಗ್ಗೆ ಗಡಿಯ ರೈತರು ವಿಶೇಷವಾಗಿ ಎಚ್ಚರ ವಹಿಸಬೇಕು. ಕೇರಳವು 2019ರಲ್ಲಿ ಅದನ್ನು ನಿಷೇಧಿಸಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು, ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಅದನ್ನು ಬಳಸಬೇಕೆಂದು ಆದೇಶಿಸಿತು. ಗಡಿಯ ಒಂದು ಬದಿಯ ಅಂಗಡಿಯಲ್ಲಿ ಸಿಕ್ಕಿದ್ದು ಇನ್ನೊಂದು ಬದಿಯ ಹೊಲದಲ್ಲಿ ನಿಷಿದ್ಧವಾಗಿರಬಹುದು. ಕೊಳ್ಳುವ ಮುನ್ನ ತಮ್ಮ ರಾಜ್ಯದ ಕೃಷಿ ಅಧಿಕಾರಿಯನ್ನು ವಿಚಾರಿಸುವುದು ಅಗತ್ಯ.

ಸೈನಿಕ ಹುಳುವಿನ ಪ್ರಶ್ನೆ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲಿಗೆ ಕಂಡ ಫಾಲ್ ಸೈನಿಕ ಹುಳು ಬೇಗನೆ ದೇಶದ ಇತರೆಡೆಗೂ ಹಬ್ಬಿತು. ಇದು ಕೋಶಾವಸ್ಥೆಯನ್ನು ಮಣ್ಣಿನಲ್ಲಿ ಕಳೆಯುವುದರಿಂದ, ಬಿತ್ತನೆಗೆ ಮುನ್ನ ಆಳವಾಗಿ ಉತ್ತು ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಬೇಕೆಂದು ಸಲಹೆಯಿದೆ. ಇದು ಶೂನ್ಯ ಉಳುಮೆಗೆ ನೇರ ವಿರುದ್ಧ. ಆದರೆ ಪೂರ್ವ ಜಿಂಬಾಬ್ವೆಯ ಸಣ್ಣ ರೈತರ ಹೊಲಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಉಳುಮೆ ಕಡಿಮೆಯಿದ್ದಲ್ಲಿ ಈ ಹುಳುವಿನ ಬಾಧೆಯೂ ಕಡಿಮೆಯಿತ್ತೆಂದು ಕಂಡಿತು. ಕದಡದ ನೆಲದಲ್ಲಿ ಇರುವೆ, ಜೇಡ, ನೆಲಜೀರುಂಡೆಗಳಂಥ ಶತ್ರುಕೀಟಗಳಿಗೆ ನೆಲೆಯಿರುತ್ತದೆ. ಬಾಧೆ ವಿಪರೀತವಾಗಿದ್ದ ಹೊಲದಲ್ಲಿ ಮರುವರ್ಷ ಮೆಕ್ಕೆಜೋಳವನ್ನೇ ಮತ್ತೆ ಹಾಕದೆ ದ್ವಿದಳಕ್ಕೆ ಬದಲಿಸುವುದು ಎರಡೂ ಸಲಹೆಗಳಿಗೆ ಒಪ್ಪುವ ದಾರಿ.

ನೆರೆಭಾಷೆಗಳ ಪದಗಳು

ಗಡಿನಾಡಿನ ಕನ್ನಡ ರೈತರಿಗೆ ಇಲಾಖೆಯ ಕರಪತ್ರ, ಅರ್ಜಿ, ಸಹಾಯಧನದ ಪಟ್ಟಿಗಳು ಆಯಾ ರಾಜ್ಯದ ಭಾಷೆಯಲ್ಲಿ ಬರುವುದರಿಂದ ಕೆಲವು ಪದಗಳ ಪರಿಚಯ ಉಪಯುಕ್ತ.

ಮರಾಠಿ: ಮೆಕ್ಕೆಜೋಳ ‘ಮಕಾ’, ಉಳುಮೆ ‘ನಾಂಗರಣಿ’, ಕುಂಟೆ ಹೊಡೆಯುವುದು ‘ಕುಳವಣಿ’, ಶೂನ್ಯ ಉಳುಮೆ ‘ಶೂನ್ಯ ಮಶಾಗತ್’, ಹೊದಿಕೆ ‘ಆಚ್ಛಾದನ’, ಕಳೆನಾಶಕ ‘ತಣನಾಶಕ’.

ತೆಲುಗು: ಮೆಕ್ಕೆಜೋಳ ‘ಮೊಕ್ಕಜೊನ್ನ’, ಉಳುಮೆ ‘ದುಕ್ಕಿ’, ಕುಂಟೆ ‘ಗುಂಟಕ’, ಕಳೆನಾಶಕ ‘ಕಲುಪು ಮಂದು’.

ತಮಿಳು: ಮೆಕ್ಕೆಜೋಳ ‘ಮಕ್ಕಾಚ್ಚೋಳಂ’, ಉಳುಮೆ ‘ಉಳವು’, ಹೊದಿಕೆ ‘ಮೂಡಾಕ್ಕು’, ಕಳೆನಾಶಕ ‘ಕಳೈಕ್ಕೊಲ್ಲಿ’.

ತೊಡಗುವ ಬಗೆ

ಇಡೀ ಹೊಲವನ್ನು ಒಂದೇ ವರ್ಷ ಬದಲಿಸುವುದು ತರವಲ್ಲ. ನೀರು ನಿಲ್ಲದ, ಬಹುವಾರ್ಷಿಕ ಕಳೆಯಿಲ್ಲದ ಹತ್ತು ಗುಂಟೆಯಷ್ಟು ಜಾಗವನ್ನು ಆರಿಸಿ, ಹಿಂದಿನ ಕೊಯ್ಲಿನಲ್ಲೇ ಅಲ್ಲಿ ದಂಟಿನ ಬುಡವನ್ನು ಉಳಿಸಬೇಕು. ಪಕ್ಕದಲ್ಲೇ ಅಷ್ಟೇ ಜಾಗವನ್ನು ವಾಡಿಕೆಯಂತೆ ಉತ್ತು, ಎರಡಕ್ಕೂ ಒಂದೇ ತಳಿ, ಒಂದೇ ಗೊಬ್ಬರ ಕೊಟ್ಟು ಖರ್ಚು, ಕಳೆಗೆಲಸದ ಆಳುಗಳು, ಕಾಳಿನ ತೂಕಗಳನ್ನು ಬರೆದಿಡಬೇಕು. ದೊಡ್ಡ ಮಳೆಯ ಮರುದಿನ ಎರಡೂ ತುಂಡುಗಳಿಂದ ಹೊರಬೀಳುವ ನೀರಿನ ಬಣ್ಣವನ್ನು ನೋಡಬೇಕು. ಮೂರು ಹಂಗಾಮಿನ ಲೆಕ್ಕ ಕೈಯಲ್ಲಿದ್ದರೆ, ಹೊಲದ ಉಳಿದ ಭಾಗದ ವಿಚಾರದಲ್ಲಿ ತೀರ್ಮಾನ ಕೈಗೊಳ್ಳಲು ಅದಕ್ಕಿಂತ ನಂಬಲರ್ಹವಾದ ಆಧಾರ ಇನ್ನೊಂದಿಲ್ಲ.